ಹುಟ್ಟಿದಾಗ ಮಗು ಹೇಗಿತ್ತು

ಹೆತ್ತ ತಾಯಿಯ ಎದುರು ಕೂತು, ನಿನ್ನ ಮಗಳಿಗೆ ಎದೆಯ ಕ್ಯಾನ್ಸರ್ ಬರುವುದಕ್ಕೆ ನೀನೇ ಕಾರಣವೇನಮ್ಮಾ ಎಂದು ಕೇಳುವ ಕೆಲಸಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೈಗೆ ಕೊಟ್ಟ ಫಾರಮ್ಮಿನಲ್ಲಿ ಅದೇ ಮಾತನ್ನು ಮೂವತ್ತೆಂಟು ಪ್ರಶ್ನೆಗಳಾಗಿ ತುಂಡರಿಸಿ ಅಚ್ಚು ಹಾಕಿಸಿದ್ದರು. ಈ ಮಗಳು ಹೊಟ್ಟೆಯಲ್ಲಿದ್ದಾಗ ಯಾವ ಮಾತ್ರೆ, ಯಾವ ಇಂಜೆಕ್ಷನ್ ತೆಗೆದುಕೊಂಡಿದ್ದಿರಿ? ವಾಂತಿ ಎಷ್ಟು ತಿಂಗಳಿತ್ತು? ಮಗಳು ಎಷ್ಟನೇ ವಯಸ್ಸಿಗೆ ದೊಡ್ಡವಳಾದಳು? ಹದಿನೇಳನೆಯದು, ಹುಟ್ಟಿದಾಗ ಮಗು ಹೇಗಿತ್ತು? ಸಣ್ಣದು, ಸಾಧಾರಣ, ದೊಡ್ಡದು, ಈ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. 2004ರಲ್ಲಿ ಒಂಬತ್ತು ತಿಂಗಳು ನಾನು ಬನಶಂಕರಿ, ಜೆ.ಪಿ. ನಗರ, ಪದ್ಮನಾಭನಗರ ಎಂದು ಸ್ಕೂಟಿ ಓಡಿಸಿಕೊಂಡು ಮನೆಮನೆಯಲ್ಲಿ ಇದನ್ನೇ ಕೇಳಿದೆ.

ಆಫೀಸು ಜಯನಗರದಲ್ಲಿ, ಒಂದು ಎಕ್ಸ್‌ರೇ ಸೆಂಟರಿನ ಮೇಲಿನ ಮಹಡಿಯಲ್ಲಿತ್ತು. ಅಧ್ಯಯನ ನಡೆಸುತ್ತಿದ್ದವರು ಡಾಕ್ಟರ್ ಚಿದಾನಂದ್. ಬುದ್ಧಿವಂತ ಮನುಷ್ಯ, ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಮೊದಲ ದಿನ ನಮ್ಮಂಥ ಆರು ಜನ ಹೆಂಗಸರನ್ನು ಕೂರಿಸಿಕೊಂಡು ಪಾಠ ಮಾಡಿದರು. "ಈ ಕಾಯಿಲೆ ನಲವತ್ತನೇ ವಯಸ್ಸಿಗೆ ಶುರುವಾಗೋದಲ್ಲ, ತಾಯಿ ಹೊಟ್ಟೇಲೇ ಶುರುವಾಗಬಹುದು ಅಂತ ಈಗ ಕೆಲವರು ಹೇಳ್ತಿದಾರೆ. ಎದೆ ಅನ್ನೋ ಅಂಗ ಪೂರ್ತಿ ಬೆಳೆಯೋದು ಕೆಲವೇ ಮೂಲ ಕಣಗಳಿಂದ, ಅಂದ್ರೆ ಸ್ಟೆಮ್ ಸೆಲ್‌ಗಳಿಂದ. ಒಟ್ಟಲು ಪಾತಿ ಇದ್ದಂಗೆ ಅನ್ಕೊಳ್ಳಿ. ಎಷ್ಟು ಪೈರು ಏಳುತ್ತೆ ಅನ್ನೋದು ಹೊಟ್ಟೇಲಿರೋವಾಗ್ಲೇ ಸುಮಾರಾಗಿ ತೀರ್ಮಾನ ಆಗುತ್ತೆ. ತಾಯಿ ರಕ್ತದಲ್ಲಿ ಹಾರ್ಮೋನು ಜಾಸ್ತಿ ಇದ್ರೆ ಆ ಸೆಲ್‌ಗಳೂ ಜಾಸ್ತಿ, ಮಗೂನೂ ದಪ್ಪ. ಸೆಲ್ ಜಾಸ್ತಿ ಇದ್ದಷ್ಟೂ ಮುಂದೆ ಯಾವತ್ತೋ ಅದರಲ್ಲಿ ಒಂದು ಕೆಡೋ ಸಂಭವ ಜಾಸ್ತಿ. ಇದು ಊಹೆ. ನಿಜವಾ ಸುಳ್ಳಾ ಅಂತ ನೋಡೋದು ನಮ್ಮ ಕೆಲಸ."

ಸೆಲ್ಲನ್ನು ಎಣಿಸಲು ಆಗುವುದಿಲ್ಲ, ಆದ್ದರಿಂದ ಹುಟ್ಟಿದ ತೂಕ ಕೇಳಬೇಕು. ಒಬ್ಬೊಬ್ಬ ರೋಗಿಗೂ ಅದೇ ಬಡಾವಣೆಯ, ಅದೇ ವಯಸ್ಸಿನ, ಕಾಯಿಲೆಯಿಲ್ಲದ ಇಬ್ಬರು ಹೆಂಗಸರನ್ನು ಹುಡುಕಿ ಅವರ ತಾಯಂದಿರನ್ನೂ ಅದೇ ಪ್ರಶ್ನೆ ಕೇಳಬೇಕು. ಕಾಯಿಲೆಯವಳು ಕೇಸ್, ಕಾಯಿಲೆಯಿಲ್ಲದವಳು ಕಂಟ್ರೋಲ್. ತೂಕ ಗೊತ್ತಿಲ್ಲದಿದ್ದರೆ ಸಣ್ಣದೋ ದೊಡ್ಡದೋ ಎಂದಾದರೂ ಬರೆಯಬೇಕು. ನಿಜ ಹೇಳುತ್ತೇನೆ, ಆ ಪಾಠ ಕೇಳಿ ನನಗೆ ಸಮಾಧಾನವಾಗಿತ್ತು. ನಮ್ಮಮ್ಮ ಸರ್ವಮಂಗಳಾ ಯಾರೇ ಕೇಳಿದರೂ "ಶ್ರೀದೇವಿ ಹುಟ್ಟಿದಾಗ ಹುಳ ಇದ್ದಂಗಿದ್ಲು" ಎಂದೇ ಹೇಳುತ್ತಿದ್ದಳು. ನನ್ನ ಅಕ್ಕ ವಾರಿಜಾಗೆ ಆ ವರ್ಷವೇ ಎದೆಯ ಕ್ಯಾನ್ಸರ್ ಪತ್ತೆಯಾಗಿತ್ತು. ಅವಳಿಗೆ ಬಂದದ್ದು ನನಗೆ ಬರಲಾರದು ಎನ್ನುವುದಕ್ಕೆ ಒಂದು ಕಾರಣ ಸಿಕ್ಕಿತು ಎಂದು ಒಳಗೊಳಗೇ ಖುಷಿಪಟ್ಟೆ. ಅಂಥ ಖುಷಿ ಪಡುವವರ ಮುಖಕ್ಕೆ ಹೊಡೆಯಬೇಕು.

ಅಕ್ಕ ಜೆ.ಪಿ. ನಗರದ ಒಂದು ಸ್ಕೂಲಿನಲ್ಲಿ ಲೆಕ್ಕದ ಟೀಚರು. ಮೂವತ್ತೊಂಬತ್ತು ವರ್ಷ. ಆಪರೇಷನ್ ಆದಮೇಲೆ ಕೆಮೋ ಮುಗಿಯುವವರೆಗೆ ಇರಲಿ ಎಂದು ಗಂಡ ಅವಳನ್ನು ಕತ್ರಿಗುಪ್ಪೆಯ ನಮ್ಮ ಮನೆಗೆ ತಂದು ಬಿಟ್ಟಿದ್ದ. ಮಗನನ್ನು ತನ್ನ ಹತ್ತಿರವೇ ಇಟ್ಟುಕೊಂಡು, ಭಾನುವಾರ ಬಂದು ಹಣ್ಣಿಟ್ಟು ಹೋಗುತ್ತಿದ್ದ. ಮನೆಯಲ್ಲಿ ಅಮ್ಮ, ಅಕ್ಕ, ಮದುವೆಯಾದ ಎರಡೇ ವರ್ಷಕ್ಕೆ ಗಂಡನ ಮನೆಗೆ ದೊಡ್ಡ ನಮಸ್ಕಾರ ಹಾಕಿ ಬಂದಿದ್ದ ನಾನು. ನನ್ನ ನಾಲಿಗೆ ಚೂರಿಯಾದರೆ ಅಕ್ಕನದು ಮಚ್ಚು. ಇಬ್ಬರನ್ನೂ ಹೆತ್ತವಳ ನಾಲಿಗೆ ಹೇಗಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಆಗಸ್ಟಿನಲ್ಲಿ ನನಗೆ ಒಂದು ಕೇಸ್ ಕಡಿಮೆ ಬಿತ್ತು. ಬನಶಂಕರಿಯ ರೋಗಿಯೊಬ್ಬಳ ತಾಯಿ ನಾನು ಹೋಗುವ ಹಿಂದಿನ ದಿನ ತೀರಿಕೊಂಡಿದ್ದಳು. ಡಾಕ್ಟರ್ ಚಿದಾನಂದ್ ತಿಂಗಳ ಕೊನೆಗೆ ಎಣಿಕೆ ಕೇಳುತ್ತಿದ್ದರು. ಮನೆಯಲ್ಲೇ ಒಂದು ಕೇಸ್ ಮಲಗಿದೆಯಲ್ಲ ಎಂದು ನನಗೆ ಹೊಳೆಯಿತು. ಸ್ವಂತದವರನ್ನು ನಾವೇ ಕೇಳಬಾರದು ಎಂಬ ನಿಯಮವಿತ್ತು. ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು, ಒಂದು ಮಧ್ಯಾಹ್ನ ಅಲಸಂದೆಕಾಳು ಬಿಡಿಸುತ್ತಿದ್ದ ಅಮ್ಮನ ಎದುರು ಫಾರಂ ಹಿಡಿದು ಕೂತೆ.

ಅಮ್ಮ ಸೆರಗು ಸರಿಮಾಡಿಕೊಂಡು, ಕೋರ್ಟಿನಲ್ಲಿ ಸಾಕ್ಷಿ ಹೇಳುವವಳಂತೆ ಹೇಳಿದಳು. "ಮೂರನೇ ತಿಂಗಳಲ್ಲಿ ಕಲೆ ಕಾಣಿಸ್ಕೊಂಡ್ತು. ಗರ್ಭ ನಿಲ್ಲಕ್ಕೆ ಅಂತ ಡಾಕ್ಟ್ರು ವಾರಕ್ಕೊಂದು ಇಂಜೆಕ್ಷನ್ ಕೊಟ್ರು. ಎಂಟನೇ ತಿಂಗಳಲ್ಲಿ ಅಯ್ನೋರು ಮನೆಗೆ ಬಂದು ಹೊಟ್ಟೇಲಿರೋ ಕೂಸಿಗೇ ಲಿಂಗಧಾರಣೆ ಮಾಡಿದ್ರು. ಬರ್ಕೊಂಡ್ಯಾ?"

"ಅದಕ್ಕೆ ಇದ್ರಲ್ಲಿ ಜಾಗ ಇಲ್ಲಮ್ಮ."

"ಮತ್ಯಾಕೆ ಇಷ್ಟುದ್ದ ಕಾಗ್ದ?"

ಹದಿನೇಳನೇ ಪ್ರಶ್ನೆಗೆ ಅಮ್ಮನ ಕೈ ಕಾಳಿನ ಮೇಲೆ ನಿಂತಿತು. ತಲೆಯೆತ್ತಿ ಹೇಳಿದಳು. "ದೊಡ್ಡದು. ಒಂಬತ್ತೂವರೆ ಪೌಂಡು. ತಿಪಟೂರಿನಲ್ಲಿ ನರ್ಸಮ್ಮ ಪಕ್ಕದ ವಾರ್ಡಿನೋರ್ನೆಲ್ಲ ಕರ್ದು ತೋರಿಸಿದ್ಲು." ಆ ಲೆಕ್ಕ ನಾನು ಕೇಳಿದ್ದು ಅದೇ ಮೊದಲು. ದೊಡ್ಡದು ಎಂಬುದರ ಮುಂದೆ ಗುರುತು ಹಾಕಿದೆ. ಒಳಕೋಣೆಯ ಬಾಗಿಲಿಗೆ ಇದ್ದದ್ದು ಪರದೆ ಮಾತ್ರ. ಅಕ್ಕ ಅದರ ಹಿಂದೆ ಎಚ್ಚರವಾಗಿಯೇ ಮಲಗಿದ್ದಳು.

ಅಂದಿನಿಂದ ಅಕ್ಕ ಅಮ್ಮನ ಜೊತೆ ಮಾತು ಬಿಟ್ಟಳು. ಅಮ್ಮನ ಕೈಯ ಊಟವನ್ನೂ ಬಿಟ್ಟಳು. ಅಮ್ಮ ಗಂಜಿ ತಂದರೆ ಗೋಡೆಯ ಕಡೆ ಹೊರಳುತ್ತಿದ್ದಳು. ಲೋಟ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೆನೆ ಕಟ್ಟಿಕೊಂಡು ಕೂತಿರುತ್ತಿತ್ತು. ನಾನು ಬೆಳಿಗ್ಗೆ ಎಂಟಕ್ಕೆ ಹೊರಡುವ ಮುಂಚೆ ಬೇಯಿಸಿಟ್ಟದ್ದನ್ನು ಮಾತ್ರ ನಾಲ್ಕು ತುತ್ತು ತಿನ್ನುತ್ತಿದ್ದಳು. ನನ್ನ ಅಡುಗೆಯನ್ನು ನಾಯಿಯೂ ಮೂಸುವುದಿಲ್ಲ, ಅದು ನನಗೇ ಗೊತ್ತು. ನಾಲ್ಕು ಕೆಮೋ ಆಗಿತ್ತು, ಇನ್ನೆರಡು ಬಾಕಿ. ತಲೆಯಲ್ಲಿ ಕೂದಲಿಲ್ಲ, ಬಾಯಿ ತುಂಬ ಹುಣ್ಣು. ರಕ್ತ ಪರೀಕ್ಷೆ ನೋಡಿದ ಆಸ್ಪತ್ರೆಯ ಡಾಕ್ಟರು, ಹೀಗೇ ಇಳಿಯುತ್ತಾ ಹೋದರೆ ಐದನೇ ಕೆಮೋ ಕೊಡುವ ಹಾಗಿಲ್ಲ, ಹೇಗಾದರೂ ಹೊಟ್ಟೆಗೆ ಹಾಕಿ ಎಂದು ಗದರಿ ಕಳಿಸಿದರು.

ನನಗೆ ಅಮ್ಮನ ಮೇಲೆ ಸಿಟ್ಟು, ಅಕ್ಕನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ಆ ಫಾರಮ್ಮಿನ ಮೇಲೆ ಸಿಟ್ಟು. ತಾಯಿ ಹೊಟ್ಟೆಯಲ್ಲೇ ತನಗೆ ಕ್ಯಾನ್ಸರ್ ಉಣ್ಣಿಸಿದಳು ಎಂದು ಅಕ್ಕ ನಂಬಿಕೊಂಡಿದ್ದಾಳೆ, ನಂಬಿಸಿದವಳು ನಾನು. ಒಂದು ಸಂಜೆ ಮಂಚದ ಮೇಲೆ ಕೂತು ತಿಳಿಸಿ ಹೇಳಲು ನೋಡಿದೆ. ದಪ್ಪ ಹುಟ್ಟಿದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಸಣ್ಣ ಹುಟ್ಟಿದವರೂ ಪಾರಲ್ಲ, ನಿಜವಾದರೂ ನೂರರಲ್ಲಿ ಒಂದೆರಡು ಜನರ ಅಂತರ, ಇದರಲ್ಲಿ ತಾಯಿ ಮಾಡಿದ್ದು ಏನೂ ಇಲ್ಲ ಎಂದೆ.

"ನಿನ್ನ ಸೆಲ್ ಪುರಾಣ ನಿನ್ನ ಹತ್ರಾನೇ ಇಟ್ಕೊ," ಎಂದಳು ಅಕ್ಕ. "ನಾನು ಅದಕ್ಕೆ ಸಿಟ್ಟು ಮಾಡ್ಕೊಂಡಿದೀನಿ ಅಂತ ನಿಂಗ್ಯಾರು ಹೇಳಿದ್ರು?"

"ಮತ್ಯಾತಕ್ಕೆ?"

"ಲೈಟ್ ಆರ್ಸು. ಕಣ್ಣು ಉರಿಯತ್ತೆ."

ಆ ವಾರವೇ ಪದ್ಮನಾಭನಗರದಲ್ಲಿ ಒಂದು ಕಂಟ್ರೋಲ್ ಮನೆಗೆ ಹೋದೆ. ತಾಯಿ ಅಣ್ಣಮ್ಮ, ಎಪ್ಪತ್ತು ದಾಟಿದ ಗಟ್ಟಿ ಮುದುಕಿ. ಮಗಳು ಕಾತ್ಯಾಯಿನಿ, ಮಕ್ಕಳಿಗೆ ಟ್ಯೂಷನ್ ಹೇಳುವವಳು, ಕಲ್ಲುಗುಂಡಿನಂಥ ಆರೋಗ್ಯ. ಅಣ್ಣಮ್ಮ ಒಂದೊಂದು ಪ್ರಶ್ನೆಗೂ ನನ್ನನ್ನು ಕಳ್ಳಿಯ ಹಾಗೆ ನೋಡುತ್ತಿದ್ದಳು. ಹದಿನೇಳಕ್ಕೆ ಬಂದಾಗ ತಟ್ಟನೆ ಉತ್ತರ ಬಂತು. "ಸಣ್ಣಕ್ಕಿತ್ತು. ಇಲಿಮರಿ. ಬದುಕೋದೇ ಅನುಮಾನ ಆಗಿತ್ತು."

ಅವಳ ತಲೆಯ ಮೇಲಿನ ಗೋಡೆಯಲ್ಲೊಂದು ಫೋಟೋ ಇತ್ತು. ಸ್ಟುಡಿಯೋದಲ್ಲಿ ಬೆತ್ತಲೆ ಬೋರಲು ಮಲಗಿಸಿ ತೆಗೆಸಿದ ಕೂಸು, ತೊಡೆಯಲ್ಲಿ ಮೂರು ಮಡಿಕೆ, ಕೆನ್ನೆಯ ಮೇಲೆ ಕಾಸಿನಗಲ ದೃಷ್ಟಿಬೊಟ್ಟು. "ಇದ್ಯಾರು?" ಎಂದೆ.

"ನಾನೇ," ಎಂದು ಕಾತ್ಯಾಯಿನಿ ನಕ್ಕಳು. "ಮೂರು ತಿಂಗಳ ಕೂಸು. ಹುಟ್ಟಿದಾಗ್ಲೇ ನಾಲ್ಕು ಕೆ.ಜಿ. ಮೇಲಿದ್ನಂತೆ. ಎತ್ಕೊಳ್ಳಕ್ಕೆ ಇಬ್ರು ಬೇಕು ಅಂತ ನಮ್ಮತ್ತೆ ಇವತ್ತಿಗೂ ಆಡ್ಕೋತಾರೆ."

"ಬಾಯಿ ಮುಚ್ಚೇ ಮುಂಡೇದೆ," ಎಂದು ಅಣ್ಣಮ್ಮ ಎದ್ದೇಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. "ಏನಮ್ಮಾ ನೀನು, ಇರೋಬರೋ ಮನೆ ಹೊಕ್ಕು ಯಾರ ಮಕ್ಕಳು ದಪ್ಪಕ್ಕಿದ್ರು ಅಂತ ಕಣ್ಣು ಹಾಕ್ಕೊಂಡು ತಿರುಗ್ತಿದೀಯ. ಮನುಷ್ಯರ ಕಣ್ಣಿಗೆ ಕಲ್ಲೂ ಸಿಡಿಯುತ್ತೆ. ಎದ್ದು ನಡಿ." ನಾನು ಗೇಟು ದಾಟುವ ಮೊದಲೇ ಒಳಗೆ ಉಪ್ಪು ಮೆಣಸಿನಕಾಯಿ ಒಲೆಗೆ ಬಿದ್ದು ಚಟಪಟಗುಟ್ಟಿತು. ನಾಯಿ ಕಣ್ಣು, ನರಿ ಕಣ್ಣು, ಬೀದಿ ಕಣ್ಣು ಎಂದು ಅವಳು ಮಗಳಿಗೆ ನಿವಾಳಿಸುತ್ತಿದ್ದುದು ಬೀದಿಗೇ ಕೇಳಿಸಿತು.

ಸ್ಕೂಟಿ ಸ್ಟಾರ್ಟ್ ಮಾಡದೆ ಅಲ್ಲೇ ನಿಂತೆ. ಆ ಘಾಟಿಗೆ ಕೆಮ್ಮುತ್ತಾ, ನನ್ನ ದಡ್ಡತನಕ್ಕೆ ನಾನೇ ಬೈದುಕೊಂಡೆ. ನಮ್ಮ ಕಡೆ ಯಾವ ತಾಯಿ ತನ್ನ ಮಗು ದುಂಡಗಿತ್ತು ಎಂದು ಅಪರಿಚಿತರ ಮುಂದೆ ಹೇಳುತ್ತಾಳೆ? ಹೆತ್ತವರಿಗೆ ಹೆಗ್ಗಣ ಮುದ್ದು ನಿಜ, ಆದರೆ ಮುದ್ದು ಎಂದು ಬಾಯಲ್ಲಿ ಆಡುವ ಹಾಗಿಲ್ಲ. ಗುಂಡುಕಲ್ಲಿನಂಥ ಕೂಸನ್ನೂ ಇಲಿಮರಿ, ಹುಳ, ಕಡ್ಡಿ ಎನ್ನಬೇಕು. ಮಗಳು ಚೆನ್ನಾಗಿರುವ ತಾಯಂದಿರೆಲ್ಲ ಸಣ್ಣದು ಎಂದಿದ್ದಾರೆ. ಮಗಳಿಗೆ ಕಾಯಿಲೆ ಬಂದ ತಾಯಂದಿರು ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿದ್ದಾರೆ. ಎರಡನ್ನೂ ಕೂಡಿಸಿ ಕಳೆದರೆ ಕಾಯಿಲೆಯವರೆಲ್ಲ ದಪ್ಪ ಹುಟ್ಟಿದವರು ಎಂದು ಬರದೆ ಇನ್ನೇನು ಬರುತ್ತದೆ?

ಮುಂದಿನ ಎರಡು ಭಾನುವಾರ ಯಾರಿಗೂ ಹೇಳದೆ, ಸಣ್ಣದು ಎಂದು ಬರೆಸಿದ್ದ ಹದಿನಾಲ್ಕು ಕಂಟ್ರೋಲ್ ಮನೆಗಳಿಗೆ ಮತ್ತೆ ಹೋದೆ. ಈ ಸಲ ಮಗು ಹೇಗಿತ್ತು ಎಂದು ಕೇಳಲೇ ಇಲ್ಲ. "ಕೂಸಿಗೆ ದೃಷ್ಟಿ ತೆಗೀತಿದ್ರಾ? ದಿನಾನಾ, ಅಮಾವಾಸ್ಯೆಗೊಂದು ಸಲಾನಾ?" ಎಂದು ಕೇಳಿದೆ. ಮುದುಕಿಯರ ಮುಖ ಅರಳಿತು. ದಿನಕ್ಕೆರಡು ಸಲ ತೆಗೆದವರಿದ್ದರು, ಆರು ತಿಂಗಳು ಹೊಸಲು ದಾಟಿಸದವರಿದ್ದರು. ಹದಿನಾಲ್ಕರಲ್ಲಿ ಹತ್ತು ಇಲಿಮರಿಗಳು ಆನೆಮರಿಗಳಾದವು.

ಸೋಮವಾರ ಅದನ್ನೆಲ್ಲ ಪಟ್ಟಿ ಮಾಡಿಕೊಂಡು ಡಾಕ್ಟರ್ ಚಿದಾನಂದ್ ಮುಂದಿಟ್ಟೆ. ಅವರು ಓದಿದರು. ಕನ್ನಡಕ ತೆಗೆದರು. "ಈ ಮನೆಗಳಿಗೆ ಮತ್ತೆ ಹೋಗಕ್ಕೆ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಸಾರ್. ಉತ್ತರ ತಪ್ಪು ಅಂತ ಗೊತ್ತಾಯ್ತು."

"ಬರೀ ಕಂಟ್ರೋಲ್ ಮನೆಗಳಿಗೆ ಹೋಗಿ, ಅದೂ ಸಣ್ಣದು ಅಂದೋರನ್ನೇ ಆರಿಸ್ಕೊಂಡು, ದಪ್ಪಕ್ಕಿತ್ತು ಅಂತ ಬಾಯಿ ಬಿಡಿಸಿದೀರ. ಕೇಸ್ ಮನೆಗಳಲ್ಲಿ ದೃಷ್ಟಿ ವಿಷಯ ಕೇಳಿದ್ರಾ? ಇಲ್ಲ. ಅವರೊಂದು ತರ ತಪ್ಪು ಹೇಳಿದ್ರೆ ನೀವು ಇನ್ನೊಂದು ತರ ತಪ್ಪು ಮಾಡಿದೀರ, ಅಷ್ಟೇ ಶ್ರೀದೇವಿ."

ಆ ಮಾತು ಸರಿಯಾಗಿತ್ತು, ಅದಕ್ಕೇ ಇನ್ನೂ ಉರಿಯಿತು. "ಹಾಗಾದ್ರೆ ಎಲ್ಲಾರನ್ನೂ ಹೊಸದಾಗಿ ಕೇಳೋಣ ಸಾರ್."

"ಮುನ್ನೂರು ಮನೆ? ಡಿಸೆಂಬರಿನ ಕಾನ್ಫರೆನ್ಸಿನಲ್ಲಿ ನಾನು ಇದನ್ನ ಓದಬೇಕು."

"ಸುಳ್ಳು ಅಂತ ಗೊತ್ತಿದ್ದೂ ಓದ್ತೀರಾ?"

ಅವರು ಜೋರಾಗಿ ಮಾತಾಡುವ ಜಾತಿಯಲ್ಲ. ಡ್ರಾಯರಿನಿಂದ ಒಂದು ಫಾರಂ ತೆಗೆದು ನನ್ನ ಮುಂದೆ ತಳ್ಳಿದರು. ಅಕ್ಕನದು. ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದಿತ್ತು. "ಸುಳ್ಳಿನ ವಿಷಯ ನೀವು ನನಗೆ ಹೇಳ್ಬೇಡಿ. ರೋಗಿ ಮನೆ ವಿಳಾಸಾನೂ ನಿಮ್ಮ ವಿಳಾಸಾನೂ ಒಂದೇ. ಸ್ವಂತ ತಾಯೀನ ನೀವೇ ಕೇಳಿ ನೀವೇ ಬರ್ಕೊಂಡಿದೀರ. ಇದು ಲೆಕ್ಕಕ್ಕಿಲ್ಲ. ಗುರುವಾರ ಮಧುಮತಿ ನಿಮ್ಮ ಮನೆಗೆ ಬಂದು ಹೊಸದಾಗಿ ಕೇಳ್ತಾರೆ. ನೀವು ಬಾಯಿ ಹಾಕ್ಬೇಡಿ."

ಮನೆಗೆ ಬರುವಾಗ ದಾರಿಯುದ್ದಕ್ಕೂ ಅವರಿಗೆ ಬೈದೆ. ಆದರೆ ಒಂದು ಆಸೆಯೂ ಇತ್ತು. ಅಕ್ಕ ಲೆಕ್ಕದ ಟೀಚರು, ಲೆಕ್ಕ ತಪ್ಪು ಎಂದು ತೋರಿಸಿದರೆ ಒಪ್ಪಿಕೊಂಡಾಳು, ಅಮ್ಮನ ಕೈಯಿಂದ ಊಟ ಮಾಡಿಯಾಳು. ಬ್ಯಾಗನ್ನೂ ಇಳಿಸದೆ ನೇರ ಅವಳ ಕೋಣೆಗೆ ಹೋಗಿ ಅಣ್ಣಮ್ಮನಿಂದ ಹಿಡಿದು ಹದಿನಾಲ್ಕು ಮನೆಯ ಕಥೆಯನ್ನೂ ಒಂದೇ ಉಸಿರಿಗೆ ಹೇಳಿದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ಕೇಳುತ್ತಿದ್ದಳು.

"ಚೆನ್ನಾಗಿರೋ ಮಗಳ ತಾಯಿ ನಿಜ ಹೇಳಲ್ಲ ಕಣೇ ಅಕ್ಕ. ಕಾಯಿಲೆ ಬಂದೋಳ ತಾಯಿ ಮಾತ್ರ ಹೇಳ್ತಾಳೆ. ಅದಕ್ಕೇ ಲೆಕ್ಕ ಹಂಗೆ ಬರೋದು. ನೀನು ದಪ್ಪ ಹುಟ್ಟಿದ್ದಕ್ಕೂ ಕಾಯಿಲೆಗೂ ಸಂಬಂಧ ಇದೆ ಅಂತ ಇದ್ರಿಂದ ಹೇಳಕ್ಕಾಗಲ್ಲ."

ಅಕ್ಕ ದಿಂಬಿಗೆ ಒರಗಿ ಎದ್ದು ಕೂತಳು. "ಕಾಯಿಲೆ ಬಂದೋಳ ತಾಯಿ ಯಾಕೆ ನಿಜ ಹೇಳ್ತಾಳೆ?"

"ಅವಳಿಗೆ ಇನ್ನೇನು..." ಎಂದವಳು ಅಲ್ಲಿಗೇ ನಿಂತೆ.

"ಹೇಳು. ಇನ್ನೇನು?"

ಅಕ್ಕನೇ ಹೇಳಿದಳು. "ಇನ್ನು ಯಾರ ಕಣ್ಣು ಬಿದ್ರೆ ಏನು, ಕಾಪಾಡಕ್ಕೆ ಉಳಿದಿರೋದು ಏನಿದೆ ಅಂತ. ಅಲ್ವಾ? ಇದನ್ನ ಕಂಡುಹಿಡಿಯಕ್ಕೆ ನೀನು ಹದಿನಾಲ್ಕು ಮನೆ ಸುತ್ತಿದೀಯ. ನಾನು ಆ ಪರದೆ ಹಿಂದೆ ಮಲಗೇ ತಿಳ್ಕೊಂಡೆ. ಮೂವತ್ತೊಂಬತ್ತು ವರ್ಷ ಯಾರು ಕೇಳಿದ್ರೂ ಇವಳು ನನ್ನನ್ನ ಇಲಿಮರಿ ಅಂದಿದಾಳೆ. ನನ್ನ ಮದುವೆ ಮಾತಾಡಕ್ಕೆ ಬಂದೋರ ಮುಂದೂ, ನನಗೆ ಮಗ ಹುಟ್ಟಿದಾಗ್ಲೂ ಅಂದಿದಾಳೆ. ಆವತ್ತು ನೀನು ಕೇಳಿದ ತಕ್ಷಣ ಒಂಬತ್ತೂವರೆ ಪೌಂಡು ಅಂದುಬಿಟ್ಲು. ನಾನು ಹೋದೋಳು ಅಂತ ಅವಳು ತೀರ್ಮಾನ ಮಾಡಾಯ್ತು."

ಅಮ್ಮ ಕೋಣೆಯ ಬಾಗಿಲಿಗೆ ಬಂದಳು. "ಅದು ಆಸ್ಪತ್ರೆ ಕಾಗ್ದ ಅನ್ಕೊಂಡೆ ಕಣೇ ವಾರಿಜಾ. ಡಾಕ್ಟ್ರ ಹತ್ರ ಮುಚ್ಚಿಡಬಾರ್ದು, ಇದ್ದಿದ್ದು ಹೇಳಿದ್ರೆ ಸರಿಯಾದ ಔಷಧಿ ಕೊಡ್ತಾರೆ ಅಂತ ಹೇಳ್ದೆ."

ಅಕ್ಕ ಮೂರು ವಾರದ ಮೇಲೆ ಮೊದಲ ಸಲ ಅವಳ ಮುಖ ನೋಡಿ ಮಾತಾಡಿದಳು. "ಸರಿ. ಶ್ರೀದೇವಿ ಹುಟ್ಟಿದಾಗ ಹೇಗಿದ್ಲು? ಹೇಳು."

ಅಮ್ಮ ನನ್ನ ಕಡೆ ನೋಡಿದಳು. "ಅವಳು... ಸಣ್ಣಕ್ಕಿದ್ಲು. ಹುಳ ಇದ್ದಂಗೆ."

"ನಂಗಾಗ ನಾಲ್ಕು ವರ್ಷ. ಎತ್ಕೊಳ್ಳಕ್ಕೆ ಹೋಗಿ ಇವಳ ಸಮೇತ ಮೆಟ್ಟಿಲ ಮೇಲೆ ಬಿದ್ದಿದೀನಿ. ಕಲ್ಲು ಇದ್ದಂಗಿದ್ಲು." ಅಕ್ಕ ಗೋಡೆಯ ಕಡೆ ಹೊರಳಿದಳು. "ನೋಡಿದ್ಯಾ, ಇವಳ ವಿಷಯಕ್ಕೆ ಈಗ್ಲೂ ಸುಳ್ಳೇ. ಹೋಗಿ ಇಬ್ರೂ."

ಹಾಗಾದರೆ ನಾನೂ ದಪ್ಪ ಹುಟ್ಟಿದವಳು. ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ್ದರಿಂದ ತೂಕ ಮಾಡಿದವರಿಲ್ಲ, ಅಷ್ಟೇ. ನನಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಅಕ್ಕ ಸಾಯುತ್ತಿರುವುದು ಕ್ಯಾನ್ಸರಿನಿಂದಲ್ಲ, ಹೊಟ್ಟೆಗಿಲ್ಲದೆ ಎನ್ನಿಸಿತು. ಅದಕ್ಕೆ ಹೊಣೆ ಯಾವ ಸೆಲ್ಲೂ ಅಲ್ಲ. ಅಡುಗೆಮನೆಯಲ್ಲಿ ಅಮ್ಮ ಒಲೆಯ ಮುಂದೆ ನಿಂತಿದ್ದಳು. "ನಿನಗೆ ಸುಳ್ಳು ಹೇಳಕ್ಕೆ ಬೇರೆ ಹೊತ್ತು ಸಿಗ್ಲಿಲ್ವಾ?" ಎಂದು ರೇಗಿದೆ. "ನಿನ್ನ ನಾಲಿಗೆಗೆ ಹುಳ ಬೀಳ," ಎಂದಳು ಅಮ್ಮ. ಅದರಲ್ಲಿ ಶಕ್ತಿಯಿರಲಿಲ್ಲ.

ಗುರುವಾರ ಹನ್ನೊಂದಕ್ಕೆ ಮಧುಮತಿ ಬಂದಳು. ಬಾಗಲಕೋಟೆ ಕಡೆಯ ಹುಡುಗಿ, ಬಿಟಿಎಂ ಲೇಔಟಿನಲ್ಲಿ ಮೂವರು ಸೇರಿ ಒಂದು ರೂಮು ಮಾಡಿಕೊಂಡಿದ್ದರು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು, ಫಾರಮ್ಮನ್ನು ಅಕ್ಷರ ಬಿಡದೆ ಓದುತ್ತಿದ್ದಳು. ಅಮ್ಮ ಬೆಳಿಗ್ಗೆಯೇ ಸ್ನಾನ ಮುಗಿಸಿ ಹಣೆತುಂಬ ವಿಭೂತಿ ಬಳಿದುಕೊಂಡು ಕಾದಿದ್ದಳು. ಮಧುಮತಿಯನ್ನು ನಡುಮನೆಯಲ್ಲಿ ಕೂರಿಸುವ ಬದಲು, ಕುರ್ಚಿ ಎತ್ತಿಕೊಂಡು ಹೋಗಿ ಅಕ್ಕನ ಪರದೆಯ ಪಕ್ಕದಲ್ಲೇ ಹಾಕಿದಳು. ನಾನು ಬಾಯಿ ಹಾಕಬಾರದೆಂಬ ಅಪ್ಪಣೆಯಂತೆ ಅಡುಗೆಮನೆಯಲ್ಲಿ ನಿಂತೆ.

"ಇದು ಔಷಧಿ ಕೊ‌ಡಕ್ಕೆ ಕೇಳೋದಾ?" ಎಂದು ಅಮ್ಮ ಮೊದಲೇ ಕೇಳಿದಳು.

"ಇಲ್ರೀ ಅಮ್ಮಾರ, ಇವರ ಔಷಧಕ್ಕ ಏನೂ ಸಂಬಂಧ ಇಲ್ರಿ. ಮುಂದಿನ ಮಂದಿಗೆ ಉಪಯೋಗ ಆಗ್ಲಿ ಅಂತ ಕೇಳೂದು."

"ಹಂಗಾದ್ರೆ ಕೇಳು."

ಗರ್ಭಿಣಿಯಾಗಿದ್ದಾಗ ಇಂಜೆಕ್ಷನ್? ಯಾವುದೂ ಇಲ್ಲ. ತುಪ್ಪ, ಬೆಣ್ಣೆ? ನಮ್ಮ ಮನೇಲಿ ಮಜ್ಜಿಗೇನೇ ಹೆಚ್ಚು. ಅಮ್ಮ ಸ್ವಲ್ಪವೂ ತಡವರಿಸಲಿಲ್ಲ. ಒಂದೊಂದು ಉತ್ತರವನ್ನೂ ಪರದೆಯ ಕಡೆ ಮುಖ ಮಾಡಿ, ಕಿವುಡರಿಗೆ ಹೇಳುವಷ್ಟು ಗಟ್ಟಿಯಾಗಿ ಹೇಳಿದಳು. ಮಧುಮತಿ ಹದಿನೇಳಕ್ಕೆ ಬಂದಳು. "ಹುಟ್ಟಿದಾಗ ಕೂಸು ಹೆಂಗಿತ್ರೀ? ಸಣ್ಣದಿತ್ತೋ, ಸಾಧಾರಣ ಇತ್ತೋ, ದೊಡ್ಡದಿತ್ತೋ?"

"ಇಲಿಮರಿ," ಎಂದಳು ಅಮ್ಮ. "ಅಂಗೈಯಲ್ಲಿ ಹಿಡಿಸ್ತಿತ್ತು. ಬಟ್ಟೇಲಿ ಸುತ್ತಿದ್ರೆ ಒಳಗೆ ಕೂಸಿದೆಯೋ ಇಲ್ವೋ ಗೊತ್ತಾಗ್ತಿರ್ಲಿಲ್ಲ. ನಿನ್ನ ಕಾಗ್ದದಲ್ಲಿ ಸಣ್ಣದಕ್ಕಿಂತ ಸಣ್ಣದು ಅಂತ ಇದ್ರೆ ಅದಕ್ಕೇ ಹಾಕು."

ಮಧುಮತಿಯ ಪೆನ್ನು ನಿಂತಿತು. ಅವಳು ಹಳೆಯ ಫಾರಂ ನೋಡಿದ್ದಳೆಂದು ಕಾಣುತ್ತದೆ. "ಮದ್ಲ ಶ್ರೀದೇವಿ ಅಕ್ಕಾರು ಒಂಬತ್ತೂವರೆ ಪೌಂಡು ಅಂತ ಬರದಿದ್ರಲ್ರೀ?"

"ಅವಳಿಗೇನು ಗೊತ್ತು? ಆವಾಗ ಅವಳು ಹುಟ್ಟೇ ಇರ್ಲಿಲ್ಲ."

"ಅಲ್ರೀ, ನರ್ಸ್ ತೂಕಾ ಮಾಡಿದ್ರು ಅಂತ..."

"ಆ ನರ್ಸಿನ ತಕ್ಕಡಿ ಕೆಟ್ಟಿತ್ತು ಕಣಮ್ಮ. ಹೆತ್ತೋಳು ನಾನಾ, ಅವಳಾ? ನಾನು ಹೇಳಿದ್ದು ಬರಿ."

ಮಧುಮತಿ ತಿರುಗಿ ಅಡುಗೆಮನೆಯ ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. "ಯಾವುದು ಖರೇ ರೀ ಅಕ್ಕಾರ?"

ಮೂರು ದಿನದ ಹಿಂದೆ ತಪ್ಪು ಉತ್ತರಕ್ಕಾಗಿ ಕೆಲಸ ಕಳೆದುಕೊಳ್ಳುವ ಮಟ್ಟಕ್ಕೆ ಜಗಳವಾಡಿ ಬಂದವಳು ನಾನು. ಮುನ್ನೂರು ಮನೆಗೆ ಮತ್ತೆ ಹೋಗೋಣ ಎಂದವಳು. "ಅಮ್ಮ ಹೇಳಿದ್ದೇ ಖರೆ, ಬರ್ಕೊ," ಎಂದೆ. ಅವಳು ಸಣ್ಣದು ಎಂಬುದರ ಮುಂದೆ ಗುರುತು ಹಾಕಿ ಹದಿನೆಂಟನೇ ಪ್ರಶ್ನೆ ಓದಿದಳು.

ಪರದೆಯ ಹಿಂದೆ ಮಂಚ ಕಿರುಗುಟ್ಟಿತು. "ಅಮ್ಮಾ," ಎಂದು ಅಕ್ಕನ ಧ್ವನಿ ಬಂತು, "ಆ ಹುಡುಗಿ ಹೋದ್ಮೇಲೆ ಗಂಜಿ ಇದ್ರೆ ತಗೊಂಡ್ಬಾ."

ಅಮ್ಮ ಹುಡುಗಿ ಹೋಗುವವರೆಗೆ ಕಾಯಲಿಲ್ಲ. ಇಪ್ಪತ್ತು ಪ್ರಶ್ನೆ ಬಾಕಿಯಿದ್ದ ಹಾಗೆಯೇ ಎದ್ದು ಹೋಗಿ ಗಂಜಿ ಬಿಸಿ ಮಾಡಿ ಒಳಗೆ ಒಯ್ದಳು. ಅಕ್ಕ ಲೋಟ ಎತ್ತಿ ನಿಧಾನವಾಗಿ ಕುಡಿದಳು. ಅರ್ಧಕ್ಕೆ ಬಾಯಿ ಹುಣ್ಣಿಗೆ ತಾಕಿತೇನೋ, ಮುಖ ಕಿವುಚಿದಳು. ಕೈಯಲ್ಲಿ ಸತ್ವವಿಲ್ಲದಿದ್ದರೂ ಬಾಯಲ್ಲಿ ಇತ್ತು. ಉಪ್ಪು ಸುರಿದು ಸಾಯಿಸ್ತೀಯ, ಅರವತ್ತು ವರ್ಷ ಆದ್ರೂ ಗಂಜಿಗೆ ಎಷ್ಟು ಉಪ್ಪು ಅಂತ ಕಲೀಲಿಲ್ಲ ಎಂದು ಅಮ್ಮನ ಮೇಲೆ ಹರಿಹಾಯ್ದಳು. ಅಮ್ಮನೂ ಬಿಡಲಿಲ್ಲ. ನಿನ್ನ ಸೊಕ್ಕಿಗಿಷ್ಟು ಬೆಂಕಿ ಹಾಕ ಎಂದು ಬೈಯುತ್ತಲೇ ಎರಡನೇ ಲೋಟ ಬಗ್ಗಿಸಿದಳು.